ಸುಗ್ಗಿಗೆ ಹೋದವರ ಊಟ

ನಮ್ಮೂರು ಮಿಶ್ರಿಕೋಟಿ ಎರಡು ಸೀಮೆಗಳ ನಡುವಿನ ಬದುವಿನ ಮೇಲೆ ಕೂತ ಊರು. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಕಲಘಟಗಿ, ಅದರಾಚೆ ಯಲ್ಲಾಪುರದ ಕಾಡು. ಆ ಕಡೆಯ ಗಾಳಿಯಲ್ಲಿಯೇ ಮಳೆಯ ತಂಪು ಇರುತ್ತದೆ. ಪೂರ್ವಕ್ಕೆ ತಿರುಗಿದರೆ ಹುಬ್ಬಳ್ಳಿ, ಅದನ್ನು ದಾಟಿದರೆ ಅಣ್ಣಿಗೇರಿ, ನವಲಗುಂದದ ಯರೆಭೂಮಿ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಕರಿ ಮಣ್ಣು, ಕರಿ ಮಣ್ಣು ಮುಗಿಯುವಲ್ಲಿ ಆಕಾಶ. ನಡುವೆ ಒಂದು ಬನ್ನಿಗಿಡವೋ ಜಾಲಿಗಿಡವೋ ಕಂಡರೆ ಅದೇ ದೊಡ್ಡ ನೆರಳು.

ಈ ಭೂಗೋಳವನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ, ಹೊಟ್ಟೆಯಿಂದ ತಿಳಿದದ್ದು. ನಮ್ಮ ಕಡೆ ಮುಂಗಾರಿಗೆ ಮೊದಲೇ ಒಣ ನೆಲಕ್ಕೆ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ನಾಟಿಯ ಗದ್ದೆಯನ್ನೇ ಕಂಡವರಿಗೆ ಇದು ವಿಚಿತ್ರವೆನಿಸಬಹುದು. ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ಇಂಟಾನ, ಅಭಿಲಾಷ ಎಂಬ ತಳಿಗಳ ಭತ್ತ ಕೊಯ್ಲಿಗೆ ಬಂದು, ಡಿಸೆಂಬರ್ ಕೊನೆಗೆ ಹುಲ್ಲಿನ ಬಣವೆ ಏಳುತ್ತದೆ. ಆಮೇಲೆ ಊರಿನ ಕೈಗಳೆಲ್ಲ ಖಾಲಿ. ಸರಿಯಾಗಿ ಅದೇ ಹೊತ್ತಿಗೆ ಯರೆಸೀಮೆಯಲ್ಲಿ ಹಿಂಗಾರಿ ಪೀಕು ಬಲಿಯುತ್ತದೆ. ಕಡಲೆ, ಬಿಳಿಜೋಳ, ಗೋಧಿ, ಕುಸುಬೆ ಒಂದರ ಹಿಂದೊಂದು ಸಾಲುಗಟ್ಟಿ ಕರೆಯುತ್ತವೆ. ಒಂದೇ ಜಿಲ್ಲೆಯಲ್ಲಿ ಹೀಗೆ ಎರಡು ಸುಗ್ಗಿಗಳು ಬೆನ್ನಿಗೆ ಬೆನ್ನು ಹಚ್ಚಿ ಬರುವುದರಿಂದ, ಕೂಲಿನಾಲಿ ಮಾಡಿ ಬದುಕುವವರಿಗೆ ವರ್ಷದಲ್ಲಿ ಎರಡು ಸಲ ಕೆಲಸ. ನನ್ನಂಥ ತಿಂಡಿಪೋತನಿಗೆ ಎರಡು ಸಲ ಹಬ್ಬ.

ನಮ್ಮ ಓಣಿಯಿಂದ ಒಂದು ಹೆಣ್ಣಾಳುಗಳ ಮೇಳ ಪ್ರತಿವರ್ಷ ಸಂಕ್ರಮಣದ ಆಜುಬಾಜು ಅಣ್ಣಿಗೇರಿಯ ಕಡೆ ಹೋಗುತ್ತಿತ್ತು. ಮೇಳಕ್ಕೆ ದೊಡ್ಡವ್ವ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯಳೊಬ್ಬಳ ಯಜಮಾನಿಕೆ. ನನ್ನ ಅಕ್ಕ ಏಳನೆಯ ಇಯತ್ತೆ ಮುಗಿಸಿದ ವರ್ಷದಿಂದ, ಅಂದರೆ 1979ರಿಂದ, ಆ ಮೇಳದ ಆಳು. 1990ರ ಜನವರಿಯಲ್ಲಿ ನಾನು ಹುಬ್ಬಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಗ ಯಾವುದೋ ಮುಷ್ಕರಕ್ಕೆ ಕಾಲೇಜು ಮುಚ್ಚಿತು. ನಾನೂ ಬರುತ್ತೇನೆಂದು ಹಟ ಹಿಡಿದೆ. ಅಪ್ಪ ಉಣ್ಣುತ್ತಿದ್ದ ತಾಟನ್ನು ಸರಿಸಿಟ್ಟ.

“ನಾ ಮಾಡಿದ ಕೂಲಿ ನೀ ಮಾಡಬಾರ್ದು ಅಂತ ನಿನಗ ಸಾಲಿ ಕಲಸಾಕತ್ತೇನಿ. ತಿರುಗಿ ಅಲ್ಲಿಗೇ ಹೊಂಟೆಲ್ಲೋ ತಮ್ಮಾ!”

ಅವ್ವ ನಡುವೆ ಬಂದಳು. “ಹದಿನೈದ್ ದಿನ ಹೋಗಿ ಬರ್ಲಿ ಬಿಡ್ರಿ. ಕಾಳಿನ ಕಿಮ್ಮತ್ತರ ಗೊತ್ತಾಗ್ತೈತಿ.” ಅಪ್ಪ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯ ಲೆಕ್ಕ.

ಹುಬ್ಬಳ್ಳಿಯಿಂದ ಗದಗಿನ ರೈಲು ಹತ್ತಿ ಅಣ್ಣಿಗೇರಿಯಲ್ಲಿ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಒಂದು ಹಳ್ಳಿಗೆ ಹೋದೆವು. ಅಣ್ಣಿಗೇರಿ ಎಂದರೆ ಆದಿಕವಿ ಪಂಪನ ಹುಟ್ಟೂರು, ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಇದೆ ಎಂದೆಲ್ಲ ನಾನು ಚಕ್ಕಡಿಯಲ್ಲಿ ಕೂತು ಹೆಂಗಸರಿಗೆ ಹೇಳಿದೆ. ಕಾಲೇಜಿನ ಹುಡುಗನಲ್ಲವೇ! ದೊಡ್ಡವ್ವ ಎಲ್ಲ ಕೇಳಿ, “ಹೌದು, ಅಲ್ಲಿ ಕಡ್ಲಿನೂ ಭಾಳ ಚಲೋ ಬೆಳೀತಾವ” ಎಂದಳು. ಅವಳ ಮಾತೂ ಸುಳ್ಳಲ್ಲ. ದೇಶದ ಕಡಲೆ ಬೆಳೆಗಾರರಲ್ಲಿ ಎಷ್ಟೋ ಜನರಿಗೆ ಈ ಊರಿನ ಹೆಸರು ಗೊತ್ತಿರುವುದು ಪಂಪನಿಂದಲ್ಲ, ‘ಅಣ್ಣಿಗೇರಿ-1’ ಎಂಬ ಕಡಲೆ ತಳಿಯಿಂದ. ಅದಕ್ಕೆ ಸಿಡಿ ರೋಗ ತಡೆಯುವ ಗುಣವನ್ನು ಸೇರಿಸಿ ಈಚಿನ ವರ್ಷಗಳಲ್ಲಿ ‘ಸೂಪರ್ ಅಣ್ಣಿಗೇರಿ-1’ ಎಂಬುದನ್ನೂ ಬಿಡುಗಡೆ ಮಾಡಿದ್ದಾರೆ.

ಕಡಲೆ ಕೀಳುವುದು ನಸುಕಿನ ಕೆಲಸ. ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಆದ್ದರಿಂದ ಮಂಜು ಆರುವ ಮೊದಲೇ ಹೊಲದಲ್ಲಿರಬೇಕು. ಕೈಯಿಂದ ಬುಡ ಹಿಡಿದು ಕಿತ್ತು, ಮಣ್ಣು ಕೊಡವಿ, ಸಾಲಿಗೆ ಹಾಕುತ್ತ ಹೋಗಬೇಕು. ಕಡಲೆ ಗಿಡದ ಮೈಯೆಲ್ಲ ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳಿಂದ ಆ ಹುಳಿ ಒಸರಿ ಇಬ್ಬನಿಯಲ್ಲಿ ಕೂಡುತ್ತದೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ ಹುಳಿಯನ್ನು ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಅದು ಔಷಧ. ಹೊಟ್ಟೆಗೆ ಔಷಧವಾದದ್ದು ಕೈಗೆ ಉರಿ. ಮೊದಲ ದಿನವೇ ನನ್ನ ಬೆರಳ ಸಂದಿಗಳು ಬಿರಿದು, ಸಂಜೆ ಖಾರದ ಚಟ್ನಿ ಮುಟ್ಟಿದಾಗ ಕಣ್ಣಲ್ಲಿ ನೀರು ಬಂತು. ಅಕ್ಕ ತನ್ನ ಹಳೆಯ ಸೀರೆಯ ಅಂಚು ಹರಿದು ನನ್ನ ಬೆರಳುಗಳಿಗೆ ಸುತ್ತಿದಳು. ಆಗ ಅವಳ ಕೈ ನೋಡಿದೆ. ಅಲ್ಲಿ ಬಿರಿಯುವುದಕ್ಕೆ ಮೆತ್ತನೆಯ ಜಾಗವೇ ಉಳಿದಿರಲಿಲ್ಲ.

ಒಂಬತ್ತು ಗಂಟೆಯ ಸುಮಾರಿಗೆ ಬುತ್ತಿ ಬರುತ್ತಿತ್ತು. ಹೊಲದ ಧಣಿಯ ತಾಯಿ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ, ತಲೆಯ ಮೇಲೆ ಬುಟ್ಟಿ ಹೊತ್ತು ಬದುವಿನ ಮೇಲೆ ಬರುವುದು ಅರ್ಧ ಮೈಲಿಯಿಂದಲೇ ಕಾಣುತ್ತಿತ್ತು. ಯರೆಸೀಮೆಯಲ್ಲಿ ಯಾವುದೂ ಮರೆಯಾಗುವುದಿಲ್ಲ, ಬರುವ ಊಟವೂ ಅಷ್ಟೆ. ಬುಟ್ಟಿಯಲ್ಲಿ ಅರಿವೆ ಸುತ್ತಿದ ಬಿಳಿಜೋಳದ ರೊಟ್ಟಿ, ನಿನ್ನೆಯ ಕಟಿರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಪುಡಿ, ಅಗಸಿ ಚಟ್ನಿ, ಕೆಂಪುಖಾರ, ಗಡಿಗೆಯಲ್ಲಿ ಮೊಸರು. ಮೊಸರೆಂದರೆ ಸೌಟು ನಿಲ್ಲುವಂಥದ್ದು. ತಾಟುಗಳಿರಲಿಲ್ಲ. ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ, ಪಲ್ಯದ ಮಗ್ಗುಲಿಗೆ ಚಟ್ನಿ, ಚಟ್ನಿಯ ನಡುವೆ ತೆಗ್ಗು ಮಾಡಿ ಅದರಲ್ಲಿ ಕುಸುಬೆ ಎಣ್ಣೆ. ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದರೆ ಊಟದ ಸಿದ್ಧತೆ ಮುಗಿಯಿತು.

ನಾನು ಆಮೇಲೆ ಬೆಂಗಳೂರಿನಲ್ಲಿ ನೌಕರಿ ಮಾಡಿದೆ, ಒಳ್ಳೊಳ್ಳೆಯ ಕಡೆ ಉಂಡೆ. ಜೋಳದ ರೊಟ್ಟಿ ಊಟ ಎಂದು ಬೋರ್ಡು ಹಾಕಿದ ಖಾನಾವಳಿಗಳಿಗೆ ಹುಡುಕಿಕೊಂಡು ಹೋದೆ. ರೊಟ್ಟಿ ಅದೇ, ಚಟ್ನಿ ಅದೇ. ಆದರೆ ನಸುಕಿನ ನಾಲ್ಕಕ್ಕೆ ಎದ್ದು ಐದು ತಾಸು ಬಗ್ಗಿದ ಬೆನ್ನು ಒಮ್ಮೆ ನೆಟ್ಟಗಾದಾಗ ಹುಟ್ಟುವ ಹಸಿವು ಇದೆಯಲ್ಲ, ಅದನ್ನು ಯಾವ ಖಾನಾವಳಿಯವನೂ ಬಡಿಸಲಾರ. ಆಯಿ ಬಡಿಸುವಾಗ ಎಣಿಸುತ್ತಿರಲಿಲ್ಲ. ನಾನು ನಾಲ್ಕನೆಯ ರೊಟ್ಟಿಗೆ ಸಂಕೋಚಪಟ್ಟರೆ, “ಉಣ್ಣೋ ಯಪ್ಪಾ, ಕಡ್ಲಿ ಕಿತ್ತ ಕೈಗೆ ರೊಟ್ಟಿ ಲೆಕ್ಕ ಇರೂದಿಲ್ಲ” ಎನ್ನುತ್ತಿದ್ದಳು.

ಮಧ್ಯಾಹ್ನದ್ದು ಬೇರೆ ಸೊಗಸು. ಕಡಲೆ ಹೊಲದ ಆಚೆ ಬಿಳಿಜೋಳ ನಿಂತಿರುತ್ತಿತ್ತು. ಅದರ ಅಂಚಿಗೆ ಒಂದೆರಡು ಸಾಲು ಸೀತನಿಗೆಂದೇ ಬೇರೆ ಜೋಳ ಹಾಕಿರುತ್ತಿದ್ದರು. ಹಾಲುಗಾಳು ಇನ್ನೇನು ಗಟ್ಟಿಯಾಗಬೇಕು ಎನ್ನುವ ಹಸಿರು ಹದದಲ್ಲಿ ತೆನೆ ಮುರಿಯಬೇಕು. ಎರಡು ದಿನ ಮೊದಲಾದರೆ ನೀರು ನೀರು, ಎರಡು ದಿನ ತಡವಾದರೆ ಬರೀ ಹಿಟ್ಟು. ನೆಲದಲ್ಲಿ ಸಣ್ಣ ತೆಗ್ಗು ತೋಡಿ, ಕುಳ್ಳಿನ ಕೆಂಡ ಮಾಡಿ, ಬಿಸಿ ಬೂದಿಯಲ್ಲಿ ತೆನೆ ಹುಗಿದು ಸುಡುತ್ತಾರೆ. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಮರದಲ್ಲಿ ಕೇರಿ, ಹೊಟ್ಟು ಊದಿದರೆ ಉಳಿಯುವುದು ಬಿಸಿ ಬಿಸಿಯಾದ ಹಸಿರು ಮುತ್ತು. ಜೊತೆಗೆ ಬೆಲ್ಲ, ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ತೆನೆ ತಿಕ್ಕುವವರದು ಒಂದು ಸಾಲು, ತಿನ್ನುವವರದು ಒಂದು ಸಾಲು ಎಂಬ ನಿಯಮ ಅಲ್ಲಿಲ್ಲ. ತಿಕ್ಕಿದವನು ತಿನ್ನುತ್ತಾನೆ. ಸುಡುವ ತೆನೆ ಹಿಡಿದು ಅಂಗೈ ಬೊಬ್ಬೆಯಾದೀತೆಂದು ಹೆದರಿದವನು ಕಾಯುತ್ತ ಕೂತಿರುತ್ತಾನೆ. ಕಡಲೆಯ ಹಸಿ ಗಿಡವನ್ನೇ ಬೆಂಕಿಗೆ ಹಿಡಿದು ಸುಟ್ಟ ಸುಲಗಾಯಿಯೂ ಇರುತ್ತಿತ್ತು. ಅದನ್ನು ಸುಲಿಯುತ್ತ ಕೂತರೆ ತುಟಿ, ಬೆರಳು ಎಲ್ಲ ಕರಿ. ಸೀತನಿಯ ಕಾಲದಲ್ಲಿ ಯರೆಸೀಮೆಯಲ್ಲಿ ಯಾರ ಬಾಯಿ ನೋಡಿದರೂ ಮಸಿ ಕುಡಿದ ಸಾಲಿಹುಡುಗರ ಹಾಗೆ ಕಾಣುತ್ತದೆ.

ಒಂದು ವರ್ಷ ನಾವು ಎಳ್ಳಮವಾಸ್ಯೆಗೆ ಮೊದಲೇ ಹೋಗಿದ್ದೆವು. ಅಂದು ಹೊಲಕ್ಕೆ ಚರಗ ಚೆಲ್ಲುವ ದಿನ. ಬಸುರಿಯಾದ ಮಗಳಿಗೆ ತವರಿನವರು ಉಣಿಸುವ ಹಾಗೆ, ಕಾಳು ತುಂಬುತ್ತಿರುವ ಭೂಮಿಗೆ ಉಣಿಸುವುದು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿದರು. ಶೇಂಗಾ ಹೋಳಿಗೆ, ಸಜ್ಜೆಯ ಕಡಬು, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಯ, ಕುಂಬಳಕಾಯಿ ಪಲ್ಯ, ಮೊಸರನ್ನ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಕೂಗುತ್ತ ಇನ್ನೊಬ್ಬರು ಓಗೊಡುತ್ತ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿದರು. ಆಮೇಲೆ ಧಣಿಯ ಮನೆಯವರು, ಅವರ ಬೀಗರು, ಮಿಶ್ರಿಕೋಟಿಯಿಂದ ಬಂದ ನಾವು ಎಲ್ಲ ಒಂದೇ ಜಮಖಾನೆಯ ಮೇಲೆ ಕೂತು ಉಂಡೆವು. ಜಮಖಾನೆ ನವಲಗುಂದದ್ದೇ ಎಂದು ಆಯಿ ಎರಡು ಸಲ ಹೇಳಿದಳು. ಎಲ್ಲ ಊರಿನಲ್ಲಿಯೂ ಎಲ್ಲರೂ ಹೀಗೆ ಒಂದೇ ಹಾಸಿಗೆಯ ಮೇಲೆ ಕೂಡುತ್ತಾರೆಂದು ನಾನು ಹೇಳಲಾರೆ. ಆ ಹೊಲದಲ್ಲಿ ಕೂತೆವು, ಅಷ್ಟು ಮಾತ್ರ ನಿಜ.

ಕಷ್ಟಗಳೂ ಇದ್ದವು. ಅಲ್ಲಿಯ ಬಾವಿಗಳದು ಸವಳು ನೀರು, ಬೇಳೆ ಬೇಯುವುದಿಲ್ಲ. ಕುಡಿಯಲು ಕೆರೆಯ ನೀರೇ ಗತಿ, ಅದನ್ನು ಹೊರಲು ದೂರ ನಡೆಯಬೇಕು. ಕುಸುಬೆ ಕೊಯ್ಲಂತೂ ಮುಳ್ಳಿನ ಮೇಲೆ ಮಾಡುವ ತಪಸ್ಸು. ಮಂಜಿಗೆ ಮುಳ್ಳು ಮೆತ್ತಗಾಗಿರುವಾಗಲೇ ಕೊಯ್ಯಬೇಕೆಂದು ಇನ್ನೂ ಕತ್ತಲಿರುವಾಗ ಏಳಿಸುತ್ತಿದ್ದರು. ಬಿಳಿಜೋಳವನ್ನು ಕುಡಗೋಲಿನಿಂದ ಕೊಯ್ಯದೆ ಬೇರುಸಹಿತ ಕೀಳುವ ಪದ್ಧತಿ. ಬಿರುಕು ಬಿಟ್ಟ ಯರೆಮಣ್ಣು ದಂಟನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಿತ್ತ ಮೇಲೆ ತೆನೆ ಮುರಿದು ಕಣಕ್ಕೆ ಹೊರುವುದು ಹೆಂಗಸರ ಪಾಲು. ಎತ್ತಿನ ಹಂತಿ ಆಗಲೇ ಕಡಿಮೆಯಾಗಿತ್ತು. ಕೆಲವರು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರವಿ, ಹೋಗಿ ಬರುವ ಬಸ್ಸುಗಳಿಂದಲೇ ಪುಕ್ಕಟೆ ತುಳಿಸಿಕೊಳ್ಳುತ್ತಿದ್ದರು. ಆದರೆ ನಮ್ಮ ಧಣಿ ಕಣದ ಕಟ್ಟಳೆ ಬಿಟ್ಟವರಲ್ಲ. ಚಪ್ಪಲಿ ಮೆಟ್ಟಿ ಯಾರೂ ಕಣದೊಳಗೆ ಕಾಲಿಡುವಂತಿಲ್ಲ. ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುವಂತಿಲ್ಲ, ‘ಲಾಭ’ ಎನ್ನಬೇಕು. ಕೂಲಿಯೂ ಕಾಳಿನಲ್ಲಿಯೇ. ಹದಿನೈದು ದಿನಕ್ಕೆ ನನ್ನ ಪಾಲಿಗೆ ಬಂದ ಜೋಳ, ಕಡಲೆಯನ್ನು ಅವ್ವ ಬೇರೆ ಗಡಿಗೆಯಲ್ಲಿ ಇಟ್ಟಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಪ್ಪ ಆ ಗಡಿಗೆಯ ಕಡೆ ನೋಡುತ್ತಿರಲಿಲ್ಲ.

ಮೂರು ವರ್ಷ ಹೀಗೆ ಹೋದೆ. 1993ರ ಮಾರ್ಚಿನಲ್ಲಿ ಗೆಳೆಯನೊಬ್ಬನ ಜೊತೆ ಇನ್ನೂ ದೂರ, ಆಗ ಬಿಜಾಪುರ ಎನ್ನುತ್ತಿದ್ದ ವಿಜಯಪುರದ ತಿಕೋಟಾ ಕಡೆಗೆ ದ್ರಾಕ್ಷಿ ಸುಗ್ಗಿಗೆ ಹೋದೆ. ಗದಗಿನಿಂದಾಚೆ ಆಗ ಮೀಟರ್ ಗೇಜಿನ ಸಣ್ಣ ರೈಲು. ಬಾದಾಮಿ, ಬಾಗಲಕೋಟೆ, ಆಲಮಟ್ಟಿಯ ಮೇಲೆ ಅದು ಹೋಗುವ ವೇಗಕ್ಕೆ, ಇಳಿದು ಹೊಲದಲ್ಲಿ ಸುಲಗಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದಿತ್ತು. ಅಲ್ಲಿಯ ಕೆಲಸ ನೆರಳಿನದು, ನಾಜೂಕಿನದು. ಬಿಸಿಲೇರುವ ಮೊದಲು ಸಣ್ಣ ಕತ್ತರಿಯಿಂದ ಗೊನೆ ಕತ್ತರಿಸಬೇಕು. ಹಣ್ಣಿನ ಮೇಲಿನ ಬೂದಿಯಂಥ ಪೊರೆಗೆ ಬೆರಳು ತಗಲಬಾರದು. ಒಣದ್ರಾಕ್ಷಿಗೆ ಹೋಗುವ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಆ ದ್ರಾವಣ ಸಿಪ್ಪೆಯ ಮೇಣವನ್ನು ಸಡಿಲಿಸುವುದರಿಂದ ಒಳಗಿನ ನೀರು ಬೇಗ ಹೊರಬೀಳುತ್ತದೆ. ಬಿಜಾಪುರದ ಒಣಗಾಳಿ ಎರಡು ಮೂರು ವಾರದಲ್ಲಿ ಉಳಿದ ಕೆಲಸ ಮುಗಿಸುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಮೊದಲ ದಿನ ಹೊಟ್ಟೆ ಬಿರಿಯುವ ಹಾಗೆ ತಿಂದೆವು, ಮೂರನೆಯ ದಿನ ದ್ರಾಕ್ಷಿಯ ಕಡೆ ನೋಡಲಿಲ್ಲ. ತೋಟದ ಮಾಲಕರು ಇದನ್ನು ಬಲ್ಲವರು. “ತಿನ್ರಿ, ಎಷ್ಟರ ತಿನ್ರಿ” ಎಂದು ಧಾರಾಳವಾಗಿ ಹೇಳುತ್ತಿದ್ದರು!

ಇದರಿಂದ ಸೆರೆ ತೆಗೆಯುವುದಿಲ್ಲವೇ ಎಂದು ಗೆಳೆಯ ಕೇಳಿದ. “ತಾಸಗಾಂವದ ಪ್ಯಾಟಿಯೊಳಗ ಒಣದ್ರಾಕ್ಷಿಗೆ ರೊಕ್ಕ ಎಣಸ್ತಾರ. ಸೆರೀಗೆ ನಮ್ಮನೀಯಾಕಿ ಕಸಬರಿಗಿ ಎಣಸ್ತಾಳ” ಎಂದು ಮಾಲಕರು ನಕ್ಕರು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ನಮ್ಮ ಸರ್ಕಾರ ತಂದದ್ದು 2007ರಲ್ಲಿ. ಆಮೇಲೆ ಆ ಸೀಮೆಯಲ್ಲಿ ವೈನ್ ದ್ರಾಕ್ಷಿಯೂ ಬಂತು. ನಾವು ಹೋದಾಗ ರಾತ್ರಿ ಊಟಕ್ಕೆ ಸಿಕ್ಕುತ್ತಿದ್ದುದು ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ.

ಇಷ್ಟೆಲ್ಲ ನೆನಪಿಗೆ ಬರಲು ಕಾರಣ ಅಕ್ಕನ ಕಿರಿಯ ಮಗಳು. 2023ರಲ್ಲಿ ಅವಳು ಹೆಚ್ಚಿನ ಓದಿಗೆ ಇಟಲಿಯ ಟುರಿನ್ ನಗರಕ್ಕೆ ಹೋದಳು. ಅಕ್ಕನ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು. ಆ ವರ್ಷದ ಅಕ್ಟೋಬರದಲ್ಲಿ ಒಂದು ರವಿವಾರ ಫೋನು ಮಾಡಿ, “ಮಾಮಾ, ನಾನೂ ಸುಗ್ಗಿಗೆ ಹೋಗಿದ್ದೆ” ಎಂದಳು. ಟುರಿನ್‌ನ ದಕ್ಷಿಣಕ್ಕೆ ಲಾಂಗೆ ಎಂಬ ಗುಡ್ಡಗಳ ಸಾಲು ಇದೆಯಂತೆ. ಆ ದ್ರಾಕ್ಷಿ ಗುಡ್ಡಗಳನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ನೆಬ್ಬಿಯೊಲೊ ಎಂಬ ಕರಿದ್ರಾಕ್ಷಿ ಬೆಳೆಯುತ್ತಾರೆ. ಕೊಯ್ಲಿನ ಹೊತ್ತಿಗೆ ಗುಡ್ಡಕ್ಕೆ ಕವಿಯುವ ಮಂಜಿನಿಂದಲೇ ಅದಕ್ಕೆ ಆ ಹೆಸರು ಬಂತೆನ್ನುತ್ತಾರೆ. ಇಳಿಜಾರಿನಲ್ಲಿ ಯಂತ್ರ ನಿಲ್ಲದ್ದರಿಂದ ಗೊನೆಗೊನೆಯನ್ನೂ ಕೈಯಿಂದಲೇ ಕತ್ತರಿಸಬೇಕು. ಇಟಲಿಯವರು ಈ ಸುಗ್ಗಿಗೆ ವೆಂದೆಮ್ಮಿಯಾ ಎನ್ನುತ್ತಾರೆ. ವಿದ್ಯಾರ್ಥಿ ವೀಸಾದವರಿಗೆ ವಾರಕ್ಕೆ 20 ತಾಸು ಕೆಲಸಕ್ಕೆ ಅನುಮತಿ ಇದೆ. ಗೆಳತಿಯರೊಡನೆ ಮೂರು ದಿನ ಹೋಗಿ ಬಂದಿದ್ದಳು.

ಕೆಲಸದ ಮಾತು ಎರಡೇ ವಾಕ್ಯದಲ್ಲಿ ಮುಗಿಯಿತು. ಊಟದ ಮಾತು ಅರ್ಧ ತಾಸು ನಡೆಯಿತು. ಆಗಲೇ ತಿಳಿಯಿತು, ಇವಳು ನನ್ನ ಸೋದರಸೊಸೆಯೇ ಸೈ ಎಂದು. ಪೊಲೆಂಟಾ ಎಂದರೆ ಗೋವಿನಜೋಳದ ನುಚ್ಚು ಮಾಮಾ, ನಮ್ಮದರಂಗೇ ತಿರುವಿ ತಿರುವಿ ಕೈ ಸೋಲಬೇಕು ಎಂದಳು. ಸಂಜೆ ದಣಿದು ಬಂದವರಿಗೆ ರೊಟ್ಟಿ, ಚೀಸು, ಇನ್ನೇನೇನೋ ಇಟ್ಟು ಕೊಡುವ ಒಂದು ಫಳಾರ ಉಂಟು, ಅದಕ್ಕೆ ಮೆರೆಂದಾ ಸಿನೊಯಿರಾ ಎಂಬ ಹೆಸರು. ಹಿಂದಿನಿಂದಲೂ ಹೊಲದಲ್ಲಿ ದುಡಿದವರ ಊಟ ಅದು. ಕೊನೆಯ ದಿನ ಸುಗ್ಗಿ ಮುಗಿದ ಸಂತೋಷಕ್ಕೆ ಬಾನ್ಯಾ ಕಾವುದಾ ಮಾಡಿದರು. ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಕುದಿಸಿ ನಡುವೆ ಇಟ್ಟು, ಎಲ್ಲರೂ ಹಸಿ ಕಾಯಿಪಲ್ಲೆಯನ್ನು ಅದರಲ್ಲಿ ಅದ್ದಿ ಅದ್ದಿ ತಿನ್ನುವುದು. ಅದರಲ್ಲಿ ಸಣ್ಣ ಮೀನೂ ಕರಗಿರುತ್ತದೆಂದು ಗೊತ್ತಾಗಿ ಇವಳು ಹಿಂದೆ ಸರಿದಳಂತೆ. ಆ ಮನೆಯ ಅಜ್ಜಿ ಎದ್ದು ಹೋಗಿ, ಇವಳೊಬ್ಬಳಿಗಾಗಿ ಬರೀ ಎಣ್ಣೆ ಬೆಳ್ಳುಳ್ಳಿ ಕಾಯಿಸಿ ತಂದಿಟ್ಟಳಂತೆ. ಆಯಿ ನೆನಪಾದಳು.

“ಮತ್ತ ಅದು?” ಎಂದು ನಾನು ದನಿ ತಗ್ಗಿಸಿ ಕೇಳಿದೆ. ಬಲಿಯುತ್ತಿರುವ ವೈನಿನ ವಾಸನೆಗೇ ತಲೆ ತುಂಬುತ್ತಿತ್ತು, ಒಂದು ಗುಟುಕು ನೋಡಿದೆ, ಒಗರು ಒಗರು, ಹಸಿ ಬಾಳೆಕಾಯಿ ಕಚ್ಚಿದಂಗಾತು, ಅವ್ವಗ ಹೇಳಬ್ಯಾಡ ಎಂದಳು. ಅವ್ವನಿಗೆ ಅದನ್ನು ಆಮೇಲೆ ಅವಳೇ ಹೇಳಿದ್ದಾಳೆ. ಆದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ.

ಅಕ್ಕನಿಗೆ ಸಿಟ್ಟು ಬಂದದ್ದು ವೈನಿಗಲ್ಲ, ಸುಗ್ಗಿಗೆ. ನಾನು ಮಿಶ್ರಿಕೋಟಿಗೆ ಹೋದಾಗ ಪಡಸಾಲೆಯಲ್ಲಿ ಕೂತು ಅವಳು ಹೇಳಿದ್ದು ಅಪ್ಪನ ಮಾತನ್ನೇ, 33 ವರ್ಷಗಳ ಆಮೇಲೆ. “ಸಾಲಾ ಮಾಡಿ ಅಷ್ಟ ದೂರ ಕಳಿಸಿದ್ರ, ಅಲ್ಲೂ ಹೋಗಿ ಮಂದಿ ಹೊಲದಾಗ ಬಗ್ಗ್ಯಾಳ!”

ನಾನು ಹಳೆಯ ದಿನಗಳನ್ನು ಎತ್ತಿದೆ. ಸೀತನಿ, ಆಯಿಯ ಬುಟ್ಟಿ, ಚರಗದ ಊಟ. ನಾವಿಬ್ಬರೂ ಒಂದೇ ಸಾಲಿನಲ್ಲಿ ಕಡಲೆ ಕಿತ್ತದ್ದು ಎಷ್ಟು ಚಂದ ಇತ್ತಲ್ಲ ಅಕ್ಕಾ ಎಂದೆ. ಅಕ್ಕ ಅಕ್ಕಿಯೊಳಗಿನ ಹಳ್ಳು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ನಿನಗ ಚಂದ ಇತ್ತೋ ತಮ್ಮಾ. ನೀ ಹದಿನೈದ್ ದಿನಕ್ಕ ಬಂದಾಂವ, ತಿರುಗಿ ಕಾಲೇಜಿಗೆ ಹೋದಿ. ನಾ ಶಿವರಾತ್ರಿ ಆದ್ರೂ ಅಲ್ಲೇ. ಏಳನೇತ್ತೆದಾಗ ಲೆಕ್ಕದಾಗ ಊರಿಗೇ ಮೊದಲ ಬಂದಿದ್ದೆ. ಮಾಸ್ತರು ಮನಿಗೆ ಬಂದು ಕೇಳಿದ್ರು, ಎಂಟನೇತ್ತೆಗೆ ಹುಬ್ಬಳ್ಳಿಗೆ ಹಾಕ್ರಿ ಅಂತ. ಆವಾಗ ಸುಗ್ಗಿ. ಸುಗ್ಗಿ ಮುಗದಿಂದ ನೋಡೋಣಂತ ಅಂದ ಅಪ್ಪ. ಮುಂದ ಪ್ರತಿವರ್ಷ ಸುಗ್ಗಿ ಬಂತು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅವಳೇ ಅಂದಳು: “ಸೀತನಿ ರುಚಿ ಇತ್ತು. ಇಲ್ಲ ಅನ್ನೂದಿಲ್ಲ.”

ಇದನ್ನು ಓದುತ್ತಿರುವ ತಾಯಿತಂದೆಗಳಲ್ಲಿ ಎರಡು ಬಗೆಯವರು ಇರಬಹುದು. ಮಕ್ಕಳ ಕೈಗೆ ಮಣ್ಣು ಹತ್ತಲಿ, ಅನ್ನ ಎಲ್ಲಿಂದ ಬರುತ್ತದೆಂದು ತಿಳಿಯಲಿ ಎನ್ನುವವರು ಒಂದು ಬಗೆ. ಇವರಲ್ಲಿ ಹೆಚ್ಚಿನವರ ಕೈಗೆ ಮಣ್ಣು ಹತ್ತಿ ಎರಡು ತಲೆಮಾರಾಗಿರುತ್ತದೆ. ನಮ್ಮ ಮಣ್ಣು ನಮಗೇ ಸಾಕು, ಮಕ್ಕಳ ಕೈ ಸ್ವಚ್ಛ ಇರಲಿ ಎನ್ನುವವರು ಇನ್ನೊಂದು ಬಗೆ. ಅಪ್ಪ ಈ ಎರಡನೆಯವನು. ನಾನು ಬಹಳ ಕಾಲ ಮೊದಲನೆಯವರ ಪರ ವಾದಿಸಿದವನು. ಈಗಲೂ ಕಾಲೇಜಿನ ಹುಡುಗರು ಒಂದು ಸುಗ್ಗಿಯಾದರೂ ದುಡಿಯಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹೋಗುವವನಿಗೆ ತಿರುಗಿ ಬರುವ ದಿನ ಗೊತ್ತಿರಬೇಕು. ಅದು ಗೊತ್ತಿದ್ದರೆ ರೊಟ್ಟಿಯ ರುಚಿಯೇ ಬೇರೆ.

2024ರ ಜೂನ್‌ನಲ್ಲಿ ಇಟಲಿಯಿಂದ ಒಂದು ಸುದ್ದಿ ಬಂತು. ರೋಮ್ ನಗರದ ದಕ್ಷಿಣಕ್ಕಿರುವ ಲಾತಿನಾ ಜಿಲ್ಲೆಯ ಹೊಲವೊಂದರಲ್ಲಿ ದುಡಿಯುತ್ತಿದ್ದ ಸತ್ನಾಮ್ ಸಿಂಗ್ ಎಂಬ ಭಾರತದ ಕೂಲಿಕಾರ ಯಂತ್ರಕ್ಕೆ ಸಿಕ್ಕು ಕೈ ಕಳೆದುಕೊಂಡ. ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಮನೆಯ ಹತ್ತಿರ ಬಿಟ್ಟುಹೋದರು. ಎರಡು ದಿನಕ್ಕೆ ಅವನು ತೀರಿಕೊಂಡ. ಕಾಗದಪತ್ರ ಇಲ್ಲದೆ, ಲೆಕ್ಕವಿಲ್ಲದ ಕೂಲಿಗೆ ದುಡಿಯುತ್ತಿದ್ದವನು. ಮಧ್ಯವರ್ತಿಗಳು ಹೊಲದ ಆಳುಗಳನ್ನು ಹೀಗೆ ಹಿಂಡುವುದನ್ನು ತಡೆಯಲು ಇಟಲಿ 2016ರಲ್ಲಿಯೇ ಕಾನೂನು ಮಾಡಿತ್ತು. ಟಿವಿಯಲ್ಲಿ ಸುದ್ದಿ ನೋಡಿದ ಅಕ್ಕ ಮಗಳಿಗೆ ಎರಡು ಸಲ ಫೋನು ಮಾಡಿ, ಏನನ್ನೂ ಹೇಳದೆ, ಉಂಡೆಯಾ ಎಂದಷ್ಟೇ ಕೇಳಿ ಇಟ್ಟಳಂತೆ.

ನಮ್ಮ ಕಡೆಯ ಸುಗ್ಗಿಯೂ ಈಗ ಹಳೆಯದಲ್ಲ. ಗೋಧಿ, ಕಡಲೆ ಹೊಲಗಳಿಗೆ ದೊಡ್ಡ ಕಟಾವು ಯಂತ್ರಗಳು ಇಳಿಯುತ್ತವೆ. ಎಂಟು ಆಳಿನ ದಿನದ ಕೆಲಸ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಬಿಳಿಜೋಳ ಕೀಳುವ ಕಷ್ಟಕ್ಕೆ ಎಷ್ಟೋ ಜನ ಜೋಳವನ್ನೇ ಬಿಟ್ಟರು, ಕುಸುಬೆಯಂತೂ ಕಣ್ಣಿಗೆ ಬೀಳುವುದು ಅಪರೂಪ. ಮಿಶ್ರಿಕೋಟಿಯ ನಮ್ಮ ಓಣಿಯಿಂದ ಯರೆಸೀಮೆಗೆ ಹೋಗುವ ಮೇಳ ನಿಂತು ಬಹಳ ವರ್ಷವಾಯಿತು. ನಿಂತದ್ದಕ್ಕೆ ಅಕ್ಕನಿಗೆ ದುಃಖವಿಲ್ಲ. ಹೊಟ್ಟೆಗೆ ಬೇರೆ ದಾರಿ ಸಿಕ್ಕಿದವರು ಯಾಕೆ ಮುಳ್ಳು ಕೊಯ್ಯಬೇಕು ಎನ್ನುತ್ತಾಳೆ.

2024ರ ದ್ರಾಕ್ಷಿ ಸುಗ್ಗಿಯ ಹೊತ್ತಿಗೆ ನಾನು ಅಕ್ಕನ ಮನೆಯಲ್ಲಿಯೇ ಇದ್ದೆ. ಮಗಳ ಫೋನು ಬಂತು. ಮತ್ತೆ ಅದೇ ಗುಡ್ಡಕ್ಕೆ ಹೋಗಲೇ ಎಂದು ಈ ಸಲ ಮೊದಲೇ ಕೇಳಿದಳು. ಅಕ್ಕ ಫೋನನ್ನು ಜೋರು ಮಾಡಿ ನಡುವೆ ಇಟ್ಟಳು.

“ಕೂಲಿ ಎಷ್ಟ ಕೊಡ್ತಾರ?”

“ತಾಸಿಗೆ ಎಂಟು ಯೂರೋ ಅವ್ವಾ.”

“ಒಂದಕ್ಕ ನಮ್ಮವು ಎಷ್ಟು?”

“ತೊಂಬತ್ತ್ ಹಿಡಿ.”

ನಾನು ಜೇಬಿನಿಂದ ಫೋನು ತೆಗೆದು ಲೆಕ್ಕದ ಗುಂಡಿ ಹುಡುಕುವಷ್ಟರಲ್ಲಿ ಅಕ್ಕ ಅಂದಳು: “ಏಳುನೂರಾ ಇಪ್ಪತ್ತು. ಏಳು ತಾಸಿಗೆ ಐದು ಸಾವಿರದ ನಲವತ್ತು.” ಆಮೇಲೆ ಕೇಳಿದಳು, “ಇದನ್ನ ಕಾಗದದಾಗ ಬರದ ಕೊಟ್ಟಾರೋ, ಬಾಯಿಮಾತೋ?”

“ಬರದ ಕೊಟ್ಟಾರ. ಸಹಿನೂ ಮಾಡ್ಯಾರ.”

“ಎಷ್ಟ ದಿನ?”

“ನಾಕ. ಸೋಮವಾರ ಕ್ಲಾಸ್ ಐತಿ.”

“ಮಧ್ಯಾಹ್ನದ ಊಟ?”

“ಅವರದೇ. ಆ ಅಜ್ಜಿ ಮಾಡ್ತಾಳ.”

ಅಕ್ಕ ಹಳ್ಳು ಆರಿಸುತ್ತಿದ್ದ ಮರವನ್ನು ಒಮ್ಮೆ ಕೇರಿ ಕೆಳಗಿಟ್ಟಳು. “ಹಂಗಾರ ಹೋಗು. ಕೈಗೆ ಅರಿವಿ ಸುತ್ತಿಕೋ. ಮತ್ತ ಆ ಅಜ್ಜಿಗೆ ನಮ್ಮ ಅಗಸಿ ಚಟ್ನಿ ಒಯ್ದು ಕೊಡು, ಡಬ್ಬಿಯೊಳಗ ಇನ್ನೂ ಐತಿಲ್ಲ?”

“ತೀರಿ ತಿಂಗಳಾತವ್ವಾ.”

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಡುಗೆಮನೆಯಿಂದ ಅಗಸೆ ಹುರಿದ ವಾಸನೆ ಬರುತ್ತಿತ್ತು. ಹುಬ್ಬಳ್ಳಿಯಿಂದ ಇಟಲಿಗೆ ಪಾರ್ಸಲ್ಲು ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂದು ಅಕ್ಕ ಒಳಗಿನಿಂದಲೇ ಕೇಳಿದಳು.